ಯಜಮಾನ ಇಲ್ಲದ ಮನೆ

ಅಹಮದಾಬಾದಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹಿಡಿದಾಗ ಮಾಲೀಕರು ಮೊದಲು ಕೇಳಿದ್ದು ಮುಂಗಡವನ್ನಲ್ಲ, ನನ್ನ ಫೋಟೋ ಮತ್ತು ಗುರುತಿನ ಚೀಟಿಯ ನಕಲನ್ನು. ಬಾಡಿಗೆಗೆ ಬಂದವರ ವಿವರವನ್ನು ಠಾಣೆಗೆ ತಿಳಿಸಬೇಕೆಂದು ಇಲ್ಲಿಯ ಪೊಲೀಸ್ ಕಮಿಷನರರು ಪ್ರಕಟಣೆ ಹೊರಡಿಸುತ್ತಲೇ ಇರುತ್ತಾರೆ. ವಡೋದರಾ, ಸೂರತ್‌ಗಳಲ್ಲೂ ಹಾಗೇ. ತಪ್ಪಿದರೆ ಕೇಸು ಮಾಲೀಕರ ಮೇಲೆ. ನನಗೆ ಸಿಟ್ಟು ಬಂದಿತ್ತು. ನಮ್ಮೂರಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಹೆಸರು ಕೇಳೋದು ಊಟವಾದ ಮೇಲೆ ಅಂತೆಲ್ಲ ಹೆಂಡತಿಯ ಹತ್ತಿರ ಕೊಚ್ಚಿಕೊಂಡೆ. ಸುಳ್ಳು ಯಾಕೆ? ನಮ್ಮಜ್ಜಿ ಚೆಂಬು ಕೊಡುವಷ್ಟರಲ್ಲೇ "ಯಾವೂರಾಯ್ತು? ಯಾರ ಪೈಕಿ?" ಅಂತ ವಿಚಾರಿಸಿ ಮುಗಿಸಿರುತ್ತಿದ್ದಳು. ಠಾಣೆಯ ಫಾರಂನಲ್ಲಿ ಅಷ್ಟು ಕಾಲಂಗಳಿಲ್ಲ.

ಖಾಡಿಯಾದ ಒಂದು ಪೋಳದಲ್ಲಿ, ಅಂದರೆ ಹಳೇ ಪೇಟೆಯ ಓಣಿಯಲ್ಲಿ, ನನಗೆ ಪರಿಚಯದ ಒಬ್ಬ ಬಾ ಇದ್ದಾರೆ. ವಯಸ್ಸಾದ ಹೆಂಗಸರನ್ನು ಇಲ್ಲಿ ಹಾಗೇ ಕರೆಯುವುದು. 2014ರಲ್ಲಿ ಗುಜರಾತ್ ಸರ್ಕಾರ ಹೋಮ್‌ಸ್ಟೇ ನೀತಿ ತಂದಿತು. 2017ರಲ್ಲಿ ಯುನೆಸ್ಕೋ ಈ ಕೋಟೆಯೊಳಗಿನ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಬಾ ಮಹಡಿಯ ಎರಡು ಕೋಣೆಗಳಿಗೆ ಸುಣ್ಣ ಹೊಡೆಸಿ ನೋಂದಣಿ ಮಾಡಿಸಿದರು. ವಿದೇಶದವರು ಬಂದರೆ 24 ಗಂಟೆಯೊಳಗೆ ಫಾರಂ ತುಂಬಬೇಕು. ಅದನ್ನು ಪಕ್ಕದ ಮನೆ ಹುಡುಗ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಾನೆ. ಒಮ್ಮೆ ಒಬ್ಬ ಹುಡುಗಿಗೆ ಜ್ವರ ಬಂದಾಗ ಬಾ ರಾತ್ರಿಯೆಲ್ಲ ಕೂತು ಶುಂಠಿ ಕಷಾಯ ಕುಡಿಸಿದ್ದರಂತೆ. ದುಡ್ಡು ತಗೊಂಡರೂ ಅವರು ಮೆಹಮಾನ್ ಅಂತಲೇ ಹೇಳೋದು. ನನಗದು ನಾಟಕ ಅನ್ನಿಸುವುದಿಲ್ಲ.

ಬಾ ಅವರ ಅಳಿಯನದು ಬೇರೆ ಕಥೆ. ಆತ ಇರುವುದು ಸೂರತ್ತಿನಲ್ಲಿ, ಫ್ಲ್ಯಾಟು ಇರುವುದು ವಡೋದರಾದಲ್ಲಿ. ನವರಾತ್ರಿಯ ಗರ್ಬಾಕ್ಕೆ ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾನೆ. ಬೀಗಕ್ಕೆ ನಾಲ್ಕಂಕಿಯ ನಂಬರು, ಅದು ಫೋನಿಗೆ ಬರುತ್ತದೆ. ನಡುರಾತ್ರಿ ಗಲಾಟೆಯಾದಾಗ ಸೊಸೈಟಿಯವರು ಬಾಗಿಲು ಬಡಿದರೆ ಉತ್ತರ ಕೊಡಬೇಕಾದವನು ನೂರೈವತ್ತು ಕಿಲೋಮೀಟರ್ ಆಚೆ ಮಲಗಿದ್ದ.

ಅವನನ್ನು ಬೈಯುತ್ತ ಇದ್ದ ದಿನಗಳಲ್ಲೇ ನನ್ನ ತಮ್ಮನ ಫೋನು ಬಂತು. "ಅಣ್ಣಾ, ಜೋಗಕ್ಕೆ ಎಷ್ಟು ಜನ ಬರ್ತಾರೆ ನೋಡು. ನಮ್ಮನೆ ಸುಮ್ನೆ ಬಿದ್ಕೊಂಡು ಗೆದ್ದಲು ಹಿಡೀತಿದೆ. ಕೇಂದ್ರ ಸರ್ಕಾರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಸ್ಕೀಮ್ ಇದೆ, ಆರು ಕೋಣೆ ತನಕ ಕೊಡಬಹುದು. ಮನೆ ನಿನ್ನ ಹೆಸರಲ್ಲಿದೆ, ಸಹಿ ಹಾಕಿ ಕಳ್ಸು."

ಆ ಸ್ಕೀಮಿನಲ್ಲಿ ಒಂದು ಷರತ್ತಿದೆ: ಮಾಲೀಕ ಕುಟುಂಬ ಸಮೇತ ಅದೇ ಮನೆಯಲ್ಲಿ ವಾಸವಾಗಿರಬೇಕು.

"ಬರೆದ್ರಾಯ್ತು ಮಾರಾಯ, ಯಾರು ಬಂದು ನೋಡ್ತಾರೆ?" ಅಂದ.

ಇಷ್ಟು ವರ್ಷ ಯಾರು ಕೇಳಿದರೂ "ನಮ್ಮನೆ ಸಾಗರದ ಹತ್ತಿರ" ಅಂತಲೇ ಹೇಳುತ್ತ ಬಂದಿದ್ದೇನೆ. ಬಾಡಿಗೆ ಮನೆಯನ್ನು ಒಂದು ದಿನವೂ ನಮ್ಮನೆ ಅಂದವನಲ್ಲ, ರೂಮು ಅಂತಲೇ ಅನ್ನುವುದು. ಅದು ಸುಳ್ಳು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಅದನ್ನೇ ಫಾರಂ ಮೇಲೆ ಬರೆದು ಸಹಿ ಹಾಕು ಅಂದಾಗ ಕೈ ಬರಲಿಲ್ಲ. ಸಹಿ ಹಾಕದಿದ್ದರೆ ನಾನು ಸಾಚಾ ಅಂತೇನೂ ಅಲ್ಲ. ಬೀಗ ಹಾಕಿದ ಮನೆಗೆ ಯಾರನ್ನೂ ಕರೆಯದೆ ಗೆದ್ದಲಿಗೆ ಬಿಟ್ಟಿರುವವನೂ ನಾನೇ ತಾನೆ? ಅಳಿಯನ ಫ್ಲ್ಯಾಟಿನಲ್ಲಿ ಕಡೇಪಕ್ಷ ದೀಪವಾದರೂ ಉರಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲಿ ಅಂತ ತಮ್ಮನಿಗೆ ದುಡ್ಡು ಕಳಿಸಿದೆ. ಫಾರಂ ಇನ್ನೂ ನನ್ನ ಮೇಜಿನ ಮೇಲಿದೆ, ನಿವಾಸದ ವಿಳಾಸದ ಕಾಲಂ ಖಾಲಿ.