ಗೆದ್ದವನೇ ಜಾಣನೆ?

ಅರ್ಥಶಾಸ್ತ್ರ ಅಷ್ಟು ಗೊತ್ತಿದ್ದರೆ ಸಿರಿವಂತರೇಕೆ ಆಗಲಿಲ್ಲ ಎಂಬ ಕುಹಕ ಹಳೆಯದು. ಅದಕ್ಕೆ ಪುರಾವೆಯೂ ಇದೆ. 1929ರ ಅಕ್ಟೋಬರಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಇರ್ವಿಂಗ್ ಫಿಷರ್, ಷೇರುಬೆಲೆಗಳು ಎತ್ತರದಲ್ಲೇ ನೆಲೆನಿಂತಂತಿವೆ ಎಂದರು. ಕೆಲವೇ ದಿನಗಳಲ್ಲಿ ಪೇಟೆ ಕುಸಿಯಿತು, ಅವರ ಸ್ವಂತ ಆಸ್ತಿಯೂ ಕರಗಿತು. ಇದಕ್ಕೆ ಎದುರಾಗಿ ಅರ್ಥಶಾಸ್ತ್ರದ ಪರ ವಾದಿಸುವವರು ಕೇನ್ಸ್ ಅವರನ್ನು ತಂದು ನಿಲ್ಲಿಸುತ್ತಾರೆ: ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಹಣವನ್ನು ಷೇರಿನಲ್ಲಿ ತೊಡಗಿಸಿ ಹಲವು ಪಟ್ಟು ಬೆಳೆಸಿದವರು ಅವರು. ಕುಹಕಿಯೂ ವಕೀಲನೂ ಒಂದು ಮಾತನ್ನು ಒಪ್ಪಿಕೊಂಡೇ ಜಗಳಕ್ಕಿಳಿದಿದ್ದಾರೆ: ಕೈಗೆ ಬಂದ ಫಲವೇ ತಿಳಿವಿನ ಅಳತೆ. ನನ್ನ ತಕರಾರು ಅಲ್ಲಿಯೇ.

ದಾಳ ಉರುಳಿಸುವವನಿಗೆ ಮುಂದೇನು ಬೀಳುತ್ತದೆಂದು ತಿಳಿಯದು. ಆದರೆ ಎಷ್ಟು ಸಲಕ್ಕೊಮ್ಮೆ ಏನು ಬಿದ್ದೀತೆಂಬ ಲೆಕ್ಕ ಗೊತ್ತು. ಬದುಕಿನ ದೊಡ್ಡ ತೀರ್ಮಾನಗಳಿಗೆ ಅಂಥ ಲೆಕ್ಕವೇ ಇಲ್ಲ. 1921ರಲ್ಲಿ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ಈ ಎರಡನ್ನು ಬೇರ್ಪಡಿಸಿದರು. ಎಲ್ಲ ಸಂಭವಗಳನ್ನೂ ಅಂಕಿಗೆ ಇಳಿಸಲಾಗದೆಂದು ಕೇನ್ಸ್ ಪುಸ್ತಕ ಬರೆದದ್ದೂ ಅದೇ ವರ್ಷ. ಇದನ್ನು ಒಪ್ಪಿದರೆ ಮುಂದಿನದನ್ನೂ ಒಪ್ಪಬೇಕು: ಸರಿಯಾದ ತೀರ್ಮಾನ ಸೋಲಬಹುದು, ಹುಂಬತನ ಗೆಲ್ಲಬಹುದು. ಒಂದೆರಡು ಫಲ ನೋಡಿ ಯಾವುದು ಯಾವುದೆಂದು ಹೇಳುವುದು ಸಾಧ್ಯವಿಲ್ಲ.

ತರಗತಿಯಲ್ಲಿ ಈ ಮಾತು ಒಂದು ವ್ಯಾಖ್ಯೆಯಾಗಿ ಉಳಿದುಬಿಡುತ್ತದೆ. ಸ್ವಂತ ಹಣ ತೊಡಗಿಸಿದವರಿಗೆ ಅದು ಮೈಗೆ ಹತ್ತುತ್ತದೆ. ಸಮುದ್ರಯಾನದ ಪುಸ್ತಕ ಓದುವವರಿಗೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ.

1968ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನೇ ನೋಡಿ. ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬರಬೇಕು. ಹೊರಟವರು 9 ಮಂದಿ, ಮುಗಿಸಿದವರು ಒಬ್ಬರೇ. ಮುಂಬಯಿಯಲ್ಲಿ ಕಟ್ಟಿದ ‘ಸುಹೈಲಿ’ ಎಂಬ ನಿಧಾನದ ತೇಗದ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 312 ದಿನಗಳ ಬಳಿಕ ಮರಳಿದರು. ಅವರಿಗಿಂತ ವೇಗವಾಗಿ ಸಾಗುತ್ತಿದ್ದ ಬರ್ನಾರ್ಡ್ ಮ್ವಾತೆಸಿಯೆ ಬಹುಮಾನದ ಕಡೆ ತಿರುಗದೆ ತಾಹಿತಿಗೆ ಹೋಗಿಬಿಟ್ಟರು. ಡೊನಾಲ್ಡ್ ಕ್ರೌಹರ್ಸ್ಟ್ ಸೋತರೆ ದೋಣಿಯ ಹಣದ ಹೊರೆ ಅವರ ಮೇಲೆಯೇ ಬೀಳುತ್ತಿತ್ತು. ಅವರು ಅಟ್ಲಾಂಟಿಕ್ ಬಿಟ್ಟು ಹೊರಹೋಗದೆ ಅಲ್ಲೇ ಸುತ್ತುತ್ತ, ರೇಡಿಯೊದಲ್ಲಿ ಸುಳ್ಳು ನೆಲೆ ತಿಳಿಸಿದರು. 1969ರ ಜುಲೈನಲ್ಲಿ ಅವರ ದೋಣಿ ಸಿಕ್ಕಿತು, ಅವರು ಸಿಗಲಿಲ್ಲ.

ಅವರು ಎಲ್ಲೆಲ್ಲಿದ್ದರೆಂಬ ನಿಜ ಜಗತ್ತಿಗೆ ತಿಳಿದದ್ದು ಆ ದೋಣಿಯಲ್ಲಿದ್ದ ಲಾಗ್‌ಬುಕ್‌ಗಳಿಂದ. ಗೆಲುವಿನ ಪಟ್ಟಿ ಏನನ್ನೂ ಹೇಳದ ಕಡೆ ಆಯಾ ದಿನದ ಬರಹ ಹೇಳಿತು: ಗಾಳಿ ಹೇಗಿತ್ತು, ನಾವಿಕನಿಗೆ ಏನು ಗೊತ್ತಿತ್ತು, ಅಷ್ಟನ್ನೇ ನಂಬಿ ಏನು ಮಾಡಿದ.

ಹೂಡಿಕೆದಾರ ಕೇನ್ಸ್ ನನಗೆ ಮುಖ್ಯವಾಗುವುದೂ ಈ ಕಾರಣಕ್ಕೆ. ಪೇಟೆ ಕುಸಿದು ಪೆಟ್ಟು ತಿಂದ ಮೇಲೆ, 1938ರ ಮೇ ತಿಂಗಳಲ್ಲಿ, ಅವರು ಕಾಲೇಜಿನ ಸಮಿತಿಗೆ ಒಂದು ಟಿಪ್ಪಣಿ ಸಲ್ಲಿಸಿದರು. ಒಟ್ಟು ಪೇಟೆಯ ಏರಿಳಿತ ಊಹಿಸಿ ಕೊಂಡು ಮಾರುವ ಪದ್ಧತಿ ಫಲಿಸಲಿಲ್ಲವೆಂದು ಒಪ್ಪಿಕೊಂಡು, ಆಯ್ದ ಕೆಲವೇ ಷೇರುಗಳನ್ನು ಬಹುಕಾಲ ಹಿಡಿದಿಡುವುದಕ್ಕೆ ಕಾರಣಗಳನ್ನು ಬರೆದರು. ಅವರು ಗಳಿಸಿದ ಲಾಭದಲ್ಲಿ ಅದೃಷ್ಟದ ಪಾಲೆಷ್ಟೋ. ಈ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿಲ್ಲ.

ಲಾಗ್‌ಬುಕ್‌ ಕೂಡ ಸುಳ್ಳಾಡಬಲ್ಲದು, ಕ್ರೌಹರ್ಸ್ಟ್ ಅವರೇ ಸಾಕ್ಷಿ ಎನ್ನಬಹುದು. ನಿಜ. ಆದರೆ ಆ ಸುಳ್ಳು ಬಯಲಾದದ್ದೂ ಬರಹದಿಂದಲೇ. ನೆನಪು ಹೇಳುವ ಸುಳ್ಳಿಗೆ ಅಂಥ ತಪಾಸಣೆಯಿಲ್ಲ: ಬೆಲೆ ಬಿದ್ದ ಮೇಲೆ, ಬೀಳುತ್ತದೆಂದು ಮೊದಲೇ ಅನ್ನಿಸಿತ್ತು ಎನ್ನುವವರೇ ಎಲ್ಲ. ಫಲವನ್ನು ಲೆಕ್ಕಿಸದಿದ್ದರೆ ಸೋತವರಿಗೆಲ್ಲ ನೆಪ ಸಿಕ್ಕಂತಾಗದೆ ಎಂಬುದು ಇನ್ನೊಂದು ಆಕ್ಷೇಪ. ಸಾವಿರ ತೀರ್ಮಾನಗಳ ಸರಾಸರಿಯಲ್ಲಿ ಫಲ ಮಾತಾಡೀತು. ಆದರೆ ಒಂದು ವೃತ್ತಿಜೀವನದಲ್ಲಿ ನಿಜಕ್ಕೂ ದೊಡ್ಡ ತೀರ್ಮಾನಗಳು ನಾಲ್ಕಾರು.

ಆದ್ದರಿಂದ ಅರ್ಥಶಾಸ್ತ್ರಜ್ಞರನ್ನು ಎಷ್ಟು ಗಳಿಸಿದಿರಿ ಎಂದು ಕೇಳುವುದಕ್ಕಿಂತ, ಫಲ ತಿಳಿಯುವ ಮುನ್ನ ಏನು ಬರೆದಿಟ್ಟಿರಿ ಎಂದು ಕೇಳುವುದು ನ್ಯಾಯ. ಸ್ವಂತ ಹಣ ಹೂಡುವವರಿಗಿಂತ ಈ ಪ್ರಶ್ನೆ ಸರಕಾರಕ್ಕೆ ಸಲಹೆ ಕೊಡುವವರಿಗೆ ಹೆಚ್ಚು ಸಲ್ಲಬೇಕು. ಅವರ ಊಹೆ ತಪ್ಪಿದಾಗ ಮುಳುಗುವ ದೋಣಿ ಅವರದ್ದಲ್ಲ.