ಹಳೆಯ ಕಟ್ಟಡ ಮತ್ತು ಅನುಮೋದನೆಯ ಹೊಣೆ

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1196ರಲ್ಲಿ, ಅಮೃತೇಶ್ವರ ದಂಡನಾಯಕನು ಇಂದಿನ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಶಿವಾಲಯವೊಂದನ್ನು ಕಟ್ಟಿಸಿದನು. ಅಲ್ಲಿಯ ದೊಡ್ಡ ಶಿಲಾಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಜಿನಭಕ್ತನಾದ ಕವಿಯೊಬ್ಬನು ಶಿವಾಲಯದ ಶಾಸನಕ್ಕೆ ತನ್ನ ವಾಣಿಯನ್ನು ಕೊಟ್ಟದ್ದು ಆ ಕಾಲಕ್ಕೆ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಅದೇ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದನು. ಕಡೂರು, ತರೀಕೆರೆ, ಅಜ್ಜಂಪುರದ ಪೇಟೆಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿರುವ ಈ ದಿನಗಳಲ್ಲಿ ಅಮೃತಾಪುರದ ಶಾಸನವನ್ನೂ ಯಶೋಧರನ ಕಥೆಯನ್ನೂ ಒಟ್ಟಿಗೆ ನೆನೆಯಬೇಕಾಗಿದೆ.

ಕಥೆ ವಾಚಕರಿಗೆ ತಿಳಿದದ್ದೇ. ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡಲು ಸಮ್ಮತಿಸುತ್ತಾನೆ. ಅಲ್ಲಿ ಯಾವ ಪ್ರಾಣಿಯೂ ಸಾಯಬೇಕಾಗಿರಲಿಲ್ಲ. ಆದರೂ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಅದರ ಫಲವನ್ನುಂಡರು. ಸಂಕಲ್ಪದಲ್ಲಿ ಹಿಂಸೆ ನಡೆದುಹೋಗಿತ್ತು; ಹಿಟ್ಟು ಬರಿಯ ನೆಪ. ಊರಿನ ಯೋಜನಾ ನಕ್ಷೆಯ ಮೇಲೆ ಎಳೆಯುವ ಗೆರೆಗೂ ಇದೇ ಸ್ವಭಾವವಿದೆ. ರಸ್ತೆ ಇಷ್ಟು ಅಡಿ ಅಗಲವಾಗಬೇಕೆಂದು ಕಾಗದದ ಮೇಲೆ ನಿಶ್ಚಯವಾದ ದಿನವೇ ಆ ಗೆರೆಯೊಳಗಿನ ಜಗಲಿ, ತೊಟ್ಟಿ, ಕಂಬಗಳು ಬಿದ್ದಂತಾಯಿತು. ಯಂತ್ರ ಬರುವುದು ವರ್ಷಗಳ ನಂತರ. ಅಷ್ಟರಲ್ಲಿ ಗೆರೆ ಎಳೆದವರಿಗೆ ವರ್ಗವಾಗಿರುತ್ತದೆ, ಒಪ್ಪಿದವರು ಒಪ್ಪಿದ್ದನ್ನು ಮರೆತಿರುತ್ತಾರೆ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥನ ಅಹಿಂಸಾಣುವ್ರತವನ್ನು ಹೇಳುವಾಗ ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಎಂಬ ಮೂರನ್ನೂ ಸೇರಿಸಿದ್ದಾರೆ. ಮೊದಲಿನ ಎರಡರಲ್ಲಿ ಶ್ರಾವಕನು ಎಚ್ಚರವಾಗಿರುತ್ತಾನೆ, ಮೂರನೆಯದರಲ್ಲಿ ಜಾರುತ್ತಾನೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ ಪ್ರಕಾರ ಮಹಾಯೋಜನೆಯನ್ನು ತಾತ್ಕಾಲಿಕವಾಗಿ ಪ್ರಕಟಿಸಿದ ಮೇಲೆ ಸಾರ್ವಜನಿಕರು ಅಭಿಪ್ರಾಯಗಳನ್ನು ಬರೆದು ತಿಳಿಸಲು 60 ದಿನಗಳ ಅವಕಾಶವಿದೆ. ಅರವತ್ತು ದಿನಗಳು ಸಣ್ಣ ಅವಧಿಯಲ್ಲ. ಮಾರುಕಟ್ಟೆಯ ಧಾರಣೆಯನ್ನು ದಿನವೂ ವಿಚಾರಿಸುವ ವ್ಯಾಪಾರಸ್ಥನು ಈ ಅವಧಿಯಲ್ಲಿ ಒಮ್ಮೆಯೂ ಕಚೇರಿಯ ಮೆಟ್ಟಿಲು ಹತ್ತಿ ನಕ್ಷೆಯನ್ನು ನೋಡದಿದ್ದರೆ, ಆ ಮೌನ ಅನುಮೋದನೆಯಾಗುತ್ತದೆಯೇ? ತಿಳಿಯಲು ಸಾಧ್ಯವಿಲ್ಲದವನ ಮೌನ ಬೇರೆ. ತಿಳಿಯಬಹುದಾಗಿದ್ದರೂ, ರಸ್ತೆ ಅಗಲವಾದರೆ ತನ್ನ ಮಳಿಗೆಯ ಬೆಲೆ ಏರೀತೆಂಬ ಲೆಕ್ಕದಿಂದ ತೆಪ್ಪಗಿರುವವನ ಮೌನ ಬೇರೆ. ಎರಡನೆಯದು ಅನುಮೋದನೆಯೇ. ಲಾಭದ ಆಸೆಯಿರುವಲ್ಲಿ ಮೌನಕ್ಕೆ ಮೌನವ್ರತದ ಗೌರವ ಸಲ್ಲುವುದಿಲ್ಲ.

ಅಮೃತಾಪುರದಂತಹ ಸಂರಕ್ಷಿತ ಸ್ಮಾರಕಗಳಿಗೆ ಕಾನೂನಿನ ಬೇಲಿಯಿದೆ. 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಿಂದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವೆಂದೂ ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದೂ ಗೊತ್ತುಪಡಿಸಲಾಗಿದೆ. ಇಂತಹ ಬೇಲಿಯನ್ನು ರಾತ್ರೋರಾತ್ರಿ ದಾಟುವವರೂ ಉಂಟು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವನ್ನು ಎಣಿಸಿದೆಯೆಂಬುದನ್ನು ಅಂಥವರು ಗಮನಿಸಬೇಕು. ತೂಕದಲ್ಲಿ ಮೋಸ ಮಾಡುವುದನ್ನೂ ರಾಜ್ಯದ ಕಟ್ಟಳೆಯನ್ನು ಮೀರುವುದನ್ನೂ ಸೂತ್ರಕಾರರು ಒಂದೇ ಸೂತ್ರದಲ್ಲಿ ಇರಿಸಿದ್ದಾರೆ. ಅದೇ ಸೂತ್ರದ ಕೊನೆಯ ಅತಿಚಾರ ‘ಪ್ರತಿರೂಪಕ ವ್ಯವಹಾರ’, ಎಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ದಾಟಿಸುವುದು. ಹಳೆಯ ಕಲ್ಲುಕಂಬವನ್ನು ಕಿತ್ತೆಸೆದು ಅದರಂತೆಯೇ ಕಾಣುವ ಸಿಮೆಂಟಿನ ಕಂಬ ನಿಲ್ಲಿಸಿ ‘ಜೀರ್ಣೋದ್ಧಾರ’ವೆಂದು ಫಲಕ ಹಾಕುವವರು ಈ ಮಾತನ್ನು ತಮಗೆ ಅನ್ವಯಿಸಿಕೊಂಡು ನೋಡಬಹುದು.

ಕಷ್ಟವಿರುವುದು ಬೇಲಿಯೇ ಇಲ್ಲದ ಕಟ್ಟಡಗಳ ವಿಷಯದಲ್ಲಿ. ತುಮಕೂರು–ಶಿವಮೊಗ್ಗ ಹೆದ್ದಾರಿಯ ಊರುಗಳಲ್ಲಿ, ಅಜ್ಜಂಪುರದ ಹಳೆಯ ಬೀದಿಗಳಲ್ಲಿ ಮರದ ಕಂಬದ ಜಗಲಿಯಿರುವ, ಮುಂದೆ ಅಂಗಡಿ ಹಿಂದೆ ಮನೆಯಿರುವ ಕಟ್ಟಡಗಳಿಗೆ ಯಾವ ಇಲಾಖೆಯ ನೀಲಿ ಫಲಕವೂ ಇಲ್ಲ. ಅವುಗಳ ಮಾಡಿನ ಹೆಂಚಿಗೂ ಒಂದು ಚರಿತ್ರೆಯಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹೆಂಚು’ ಘಟ್ಟ ಹತ್ತಿ ಬಯಲುಸೀಮೆಯ ಅಂಚಿನವರೆಗೂ ಬಂದಿತು. ಆ ಹೆಂಚಿನ ತವರಾದ ಕರಾವಳಿಯಲ್ಲಿಯೇ ಇಂದು ಹೆಂಚಿನ ಮನೆಗಳು ಬಹುಮಹಡಿಗಳಿಗೆ ಸ್ಥಳ ಬಿಟ್ಟುಕೊಡುತ್ತಿವೆ. ಲೆಕ್ಕಪತ್ರದ ಭಾಷೆಯಲ್ಲಿ ಇಂತಹ ಕಟ್ಟಡಕ್ಕೆ ಬೆಲೆಯಿಲ್ಲ. ವರ್ಷವರ್ಷವೂ ಸವಕಳಿ ಕಳೆದು ಪುಸ್ತಕದ ಬೆಲೆ ಶೂನ್ಯಕ್ಕೆ ಇಳಿದಿರುತ್ತದೆ. ಉಳಿದಿರುವುದು ನಿವೇಶನದ ಬೆಲೆ ಮಾತ್ರ. ಸವಕಳಿಯ ಪದ್ಧತಿ ಯಜಮಾನನ ಹಣದ ಲೆಕ್ಕಕ್ಕೆ ಹುಟ್ಟಿದ್ದು. ಬೀದಿಯಲ್ಲಿ ನಡೆಯುವವರಿಗೆ ಆ ಜಗಲಿ ಕೊಟ್ಟ ನೆರಳು ಅದರ ಯಾವ ಕಾಲಮಿನಲ್ಲಿಯೂ ಬರುವುದಿಲ್ಲ.

ಇಲ್ಲಿ ಎದುರು ಪಕ್ಷದವರ ಮಾತನ್ನೂ ಕೇಳಬೇಕು. ಕೇಳದಿದ್ದರೆ ಅನೇಕಾಂತದ ಹೆಸರೆತ್ತುವ ಅಧಿಕಾರವಿಲ್ಲ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಪಾರಂಪರಿಕ ಕಟ್ಟಡವೆಂದು ಹೊಗಳುತ್ತ ದುರಸ್ತಿಯನ್ನು ಮುಂದೂಡುತ್ತ ಹೋದರೆ ಅದೂ ಹಿಂಸೆಗೆ ದಾರಿಯಾಗುತ್ತದೆ. ಸಂರಕ್ಷಣೆಯ ಹೆಸರಿನಲ್ಲಿಯೂ ಕ್ರೌರ್ಯ ನಡೆಯಬಲ್ಲದು. 2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು ಕೆಡವಿ ಅವರನ್ನು ತೆರವುಗೊಳಿಸಲಾಯಿತು. ಕಲ್ಲಿನ ಮೇಲಿನ ಗೌರವವೆಲ್ಲ ನಿಜವೇ ಇರಬಹುದು. ಅಲ್ಲಿ ಅಡಿಗೆ ಮಾಡಿಕೊಂಡಿದ್ದವರ ಒಲೆಗಳು ಚದುರಿದ್ದೂ ನಿಜ. ಹಳೆಯದನ್ನು ಉಳಿಸುವವರೆಲ್ಲ ಸಾಧುಗಳು, ಕೆಡವುವವರೆಲ್ಲ ಲೋಭಿಗಳು ಎಂಬ ತೀರ್ಪು ಏಕಾಂತವಾದವಾಗುತ್ತದೆ. ಹಳೆಯ ಮನೆಯಲ್ಲಿ ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆಯುವ ವೃದ್ಧೆಗೆ, ‘ಹೆಂಚು ಸುಂದರವಾಗಿದೆ, ಮುಟ್ಟಬೇಡಿ’ ಎಂದು ಹೊರಗಿನಿಂದ ಬಂದು ಉಪದೇಶಿಸುವುದರಲ್ಲಿ ಯಾವ ಧರ್ಮವಿದೆ?

ಇನ್ನೊಂದು ಆಕ್ಷೇಪವು ನಮ್ಮ ಶಾಸ್ತ್ರದಿಂದಲೇ ಬರುತ್ತದೆ. ಎಲ್ಲವೂ ಅನಿತ್ಯವೆಂದು ಭಾವಿಸಬೇಕಾದ ಶ್ರಾವಕನಿಗೆ ಕಲ್ಲುಮರಗಳ ಮೇಲೆ ಈ ಮಮತೆಯೇಕೆ? ಪ್ರಶ್ನೆ ಗಂಭೀರವಾದದ್ದು. ಉತ್ತರವನ್ನು ಕಡೂರಿನಲ್ಲಿಯೇ ಹುಡುಕಬಹುದು. ಅಲ್ಲಿಯ ಕ್ರಿ.ಶ. 971ರ ಸ್ತಂಭಶಾಸನವು ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆಯನ್ನು ಸ್ಮರಿಸುತ್ತದೆ. ರಾಜಮನೆತನದ ಆಕೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸನ್ನಾಚರಿಸಿದಳು. ಆಕೆ ತ್ಯಜಿಸಿದ್ದು ತನ್ನದನ್ನು. ಅರಮನೆಯನ್ನು, ಒಡವೆಯನ್ನು, ಕೊನೆಗೆ ದೇಹದ ಮೇಲಿನ ಮೋಹವನ್ನು. ಆ ತ್ಯಾಗವನ್ನು ಕಂಬದಲ್ಲಿ ಕೊರೆಸಿದವರು ಇತರರು. ಹತ್ತು ಶತಮಾನಗಳಿಗೂ ಮೀರಿ ಆ ಕಂಬವನ್ನು ಉಳಿಸಿಕೊಂಡು ಬಂದವರು ಮತ್ತೂ ಇತರರು, ಅವರಲ್ಲಿ ಬಹುಮಂದಿ ಜೈನರಲ್ಲ. ಅಪರಿಗ್ರಹವು ತನ್ನದನ್ನು ಬಿಡುವ ವ್ರತ; ಇತರರದನ್ನು ಹಾಳುಗೆಡವಲು ಅದು ಪರವಾನಗಿಯಲ್ಲ. ತಾನು ದಾನ ಕೊಡುವುದಕ್ಕಿಂತ ಇತರರು ಕೊಟ್ಟದ್ದನ್ನು ಪಾಲಿಸುವುದು ಹೆಚ್ಚಿನ ಪುಣ್ಯವೆಂದು ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಹೇಳಿರುವುದೂ ಈ ಅರ್ಥದಲ್ಲಿಯೇ. ಅನಿತ್ಯಭಾವನೆಯನ್ನು ನೆರೆಯವನ ಗೋಡೆಯ ಮೇಲೆ ಪ್ರಯೋಗಿಸಿ ಸ್ವಂತ ಮಳಿಗೆಗೆ ಮೂರನೆಯ ಮಹಡಿ ಏರಿಸುವವನು ಭಾವನೆಯನ್ನು ತಲೆಕೆಳಗಾಗಿ ಹಿಡಿದಿದ್ದಾನೆ.

ಹಾಗಾದರೆ ಸ್ಥಳೀಯ ಪರಿಶೀಲನೆ ಹೇಗಿರಬೇಕು? ಮುಂಬಯಿಯಲ್ಲಿ 1995ರಲ್ಲಿಯೇ ಪಾರಂಪರಿಕ ಕಟ್ಟಡಗಳಿಗೆಂದು ಪ್ರತ್ಯೇಕ ನಿಯಮಗಳು ಜಾರಿಗೆ ಬಂದವು. ಕಟ್ಟಡಗಳಿಗೆ ದರ್ಜೆ ನಿಗದಿಯಾಯಿತು, ಸಮಿತಿಯೊಂದು ಸಲಹೆ ಕೊಡತೊಡಗಿತು. ಸಮಿತಿಗಳಿದ್ದ ಮಾತ್ರಕ್ಕೆ ಕಾರ್ಯ ಸಿದ್ಧಿಸುವುದಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ನಗರದಲ್ಲಿ ತಜ್ಞರಿಗೂ ಸಭೆಗಳಿಗೂ ಕೊರತೆಯಿರಲಿಲ್ಲ. ಆದರೂ ನೀರಿನಂಚಿನ ಹೊಸ ನಿರ್ಮಾಣಗಳ ಕಾರಣದಿಂದ 2021ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಯಿಂದ ಹೊರಬಿದ್ದಿತು. ಸಣ್ಣ ಊರಿಗೆ ಬೇಕಾದದ್ದು ಮೊದಲು ಒಂದು ಪಟ್ಟಿ: ಯಾವ ಬೀದಿಯಲ್ಲಿ ಯಾವ ಕಟ್ಟಡ, ಎಷ್ಟು ಹಳೆಯದು, ಯಾರು ವಾಸವಾಗಿದ್ದಾರೆ. ಪಟ್ಟಿಯಲ್ಲಿ ಯಜಮಾನನ ಹೆಸರಿನೊಡನೆ ಬಾಡಿಗೆದಾರನ ಹೆಸರೂ ಇರಬೇಕು, ಜಗಲಿಯ ಮೇಲೆ ಬುಟ್ಟಿ ಇಟ್ಟು ಹೂ ಮಾರುವವಳೂ ಕಾಣಬೇಕು. ನಕ್ಷೆಯನ್ನು ಕಚೇರಿಯ ಗೋಡೆಗೆ ಅಂಟಿಸಿ ಕರ್ತವ್ಯ ಮುಗಿಯಿತೆನ್ನದೆ, ಸಂತೆಯ ದಿನ ಜನ ಕೂಡುವಲ್ಲಿ ಅದನ್ನು ಓದಿ ಹೇಳುವ ಏರ್ಪಾಡಿರಬೇಕು. ನಿರ್ಣಯದಿಂದ ಲಾಭ ಪಡೆಯುವವನು ನಿರ್ಣಯದ ಪೀಠದಿಂದ ತಾನಾಗಿ ಎದ್ದು ನಿಲ್ಲಬೇಕು. ಈ ಒಂದು ಸಂಯಮವನ್ನು ಯಾವ ಕಾಯಿದೆಯೂ ಸಂಪೂರ್ಣವಾಗಿ ಕಲಿಸಲಾರದು.

ಉಳಿದದ್ದು ಖರ್ಚಿನ ಪ್ರಶ್ನೆ. ಇದನ್ನು ತಪ್ಪಿಸಿ ಆಡುವ ಮಾತೆಲ್ಲ ಹಾರಿಕೆಯದು. ಕಟ್ಟಡದಿಂದ ಊರಿಗೆಲ್ಲ ಉಪಕಾರವಿದೆಯೆಂದರೆ, ದುರಸ್ತಿಯ ಹೊರೆಯನ್ನು ಯಜಮಾನನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಸದಿಗಳ ಜೀರ್ಣೋದ್ಧಾರಕ್ಕೆ ನಿಧಿ ಕೂಡಿಸುವ ಪರಿಪಾಠ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಇದೆ. ಅಂತಹ ನಿಧಿಯ ಒಂದಂಶವನ್ನು ಊರಿನ ಹಳೆಯ ಮನೆಯೊಂದರ ಮಾಡು ರಿಪೇರಿಗೆ, ಆ ಮನೆ ಜೈನರದಲ್ಲದಿದ್ದರೂ, ವಿನಿಯೋಗಿಸಬಹುದೇ? ದಾನಿಗಳು ಬಸದಿಗೆಂದು ಕೊಟ್ಟ ಹಣವನ್ನು ಬೇರೆಡೆಗೆ ತಿರುಗಿಸುವುದು ತಪ್ಪಾದೀತು. ಆದ್ದರಿಂದ ಬೇರೆ ಖಾತೆಯನ್ನೇ ತೆರೆಯಬೇಕಾಗುತ್ತದೆ, ಉದ್ದೇಶವನ್ನು ಮೊದಲೇ ಸ್ಪಷ್ಟವಾಗಿ ಬರೆದು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಿ. ಅಮೃತಾಪುರದ ಶಾಸನಕ್ಕೆ ಪದ್ಯ ಬರೆದ ಜನ್ನನು ಆ ಖಾತೆಗೆ ಮೊದಲ ಜಮಾ ಹಾಕಲು ಹಿಂಜರಿಯುತ್ತಿರಲಿಲ್ಲವೆಂದು ನಂಬಬಹುದು.