ಹಾರುವ ತಟ್ಟೆಗಳ ಸಾಕ್ಷ್ಯ ಮತ್ತು ಸತ್ಯಾಣುವ್ರತ

ಸತ್ಯಾಣುವ್ರತವನ್ನು ಕೈಗೊಂಡ ಶ್ರಾವಕನು ಸುಳ್ಳು ನುಡಿಯಬಾರದೆಂಬುದು ಸರ್ವವಿದಿತ. ಆದರೆ ಸುಳ್ಳು ನುಡಿಯುವ ಉದ್ದೇಶವು ಲೇಶಮಾತ್ರವೂ ಇಲ್ಲದವನ ಮಾತೆಲ್ಲವೂ ಸತ್ಯವೇ ಆಗಿರುತ್ತದೆಯೆ? ಕಣ್ಣಾರೆ ಕಂಡುದನ್ನೇ ಹೇಳಿದೆನೆಂಬ ಸಮಾಧಾನವೊಂದರಿಂದ ವ್ರತವು ನಿರತಿಚಾರವಾಗಿ ಉಳಿಯುತ್ತದೆಯೆ? ತತ್ತ್ವಾರ್ಥಸೂತ್ರವು ಅನೃತದ ವಿಚಾರವನ್ನು ಪ್ರಮಾದದೊಡನೆ ಸೇರಿಸಿ ಹೇಳಿರುವುದರಿಂದ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. ವಂಚನೆಯ ಬುದ್ಧಿಯಿಂದ ಆಡಿದ ಮಾತಿಗೆ ಹೇಗೋ ಹಾಗೆಯೇ ಎಚ್ಚರಗೇಡಿತನದಿಂದ ಆಡಿದ ಮಾತಿಗೂ ದೋಷವು ತಗಲುತ್ತದೆ. ಈ ತತ್ತ್ವವನ್ನು ಒರೆಗೆ ಹಚ್ಚಿ ನೋಡಲು ಕಳೆದ ಶತಮಾನದ ಅಮೆರಿಕ ದೇಶವು ಒಂದು ವಿಲಕ್ಷಣ ನಿದರ್ಶನವನ್ನು ಒದಗಿಸಿದೆ. ಅದೇ ಹಾರುವ ತಟ್ಟೆಗಳ ವೃತ್ತಾಂತ.

1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬವರು ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ತಮ್ಮ ಚಿಕ್ಕ ವಿಮಾನವನ್ನು ತಾವೇ ನಡೆಸುತ್ತಿದ್ದರು. ಬೆಂಕಿ ಆರಿಸುವ ಉಪಕರಣಗಳನ್ನು ಮಾರುವ ವ್ಯಾಪಾರಿಯಾಗಿದ್ದ ಅವರು ಅಂದು ಅಪಘಾತಕ್ಕೀಡಾಗಿದ್ದ ಸೇನಾ ವಿಮಾನವೊಂದನ್ನು ಹುಡುಕುತ್ತಿದ್ದರು. ಆಗ ಹೊಳೆಯುವ ಒಂಬತ್ತು ವಸ್ತುಗಳು ಸಾಲಾಗಿ ಪರ್ವತದತ್ತಣಿಂದ ಹಾದುಹೋಗುವುದನ್ನು ಕಂಡರು. ಹೆಬ್ಬಾತುಗಳ ಹಿಂಡಿರಬಹುದೆಂದು ಮೊದಲು ಭಾವಿಸಿ, ವೇಗವನ್ನು ನೋಡಿ ಆ ಊಹೆಯನ್ನು ಕೈಬಿಟ್ಟರು. ಗಾಜಿನ ಮೂಲಕ ಕಾಣುತ್ತಿರುವುದರಿಂದ ಭ್ರಮೆಯಾಗಿರಬಾರದೆಂದು ವಿಮಾನವನ್ನು ಓರೆಯಾಗಿಸಿ ಕಿಟಕಿಯನ್ನು ತೆರೆದು ನೋಡಿದರು. ರೇನಿಯರ್ ಮತ್ತು ಆಡಮ್ಸ್ ಪರ್ವತಗಳ ನಡುವಣ ದೂರವನ್ನು ಅವು 1 ನಿಮಿಷ 42 ಸೆಕೆಂಡುಗಳಲ್ಲಿ ಕ್ರಮಿಸಿದುದನ್ನು ಗಡಿಯಾರದಲ್ಲಿ ಗುರುತಿಸಿಕೊಂಡರು. ಲೆಕ್ಕ ಹಾಕಿದಾಗ ಗಂಟೆಗೆ 1,600 ಮೈಲಿಗೂ ಮಿಕ್ಕ ವೇಗವು ಬಂದಿತು. ಅಳತೆಯಲ್ಲಿ ತಪ್ಪಿರಬಹುದೆಂದು ಅದನ್ನು 1,200 ಮೈಲಿಗೆ ಇಳಿಸಿಯೇ ಹೇಳಿದರು. ಸೇನೆಯ ಹೊಸ ಮಾದರಿಯ ವಿಮಾನಗಳಿರಬೇಕೆಂಬುದು ಅವರ ಆಗಿನ ಅಭಿಪ್ರಾಯವಾಗಿತ್ತು.

ಮತಿಜ್ಞಾನವು ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಬೆಳೆಯುತ್ತದೆಂದು ಶಾಸ್ತ್ರವು ಹೇಳುತ್ತದೆ. ಏನೋ ಇದೆಯೆಂದು ಇಂದ್ರಿಯವು ಗ್ರಹಿಸುವುದು ಅವಗ್ರಹ. ಅದು ಏನಿರಬಹುದೆಂದು ವಿಚಾರಿಸುವುದು ಈಹಾ. ಇಂಥದೇ ಎಂದು ನಿಶ್ಚಯಿಸುವುದು ಅವಾಯ. ಆ ನಿಶ್ಚಯವನ್ನು ಮರೆಯದಂತೆ ಉಳಿಸಿಕೊಳ್ಳುವುದು ಧಾರಣಾ. ಆರ್ನಾಲ್ಡರು ಕಂಡುದು ಏನೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಆದರೆ ಕಿಟಕಿಯನ್ನು ತೆರೆದುದು, ಗಡಿಯಾರವನ್ನು ನೋಡಿದುದು, ಬಂದ ಅಂಕಿಯನ್ನು ತಗ್ಗಿಸಿ ಹೇಳಿದುದು ಇವೆಲ್ಲವೂ ಈಹೆಯ ಕಾರ್ಯಗಳೇ. ಗಿರಾಕಿಯ ಎದುರು ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವ ವ್ಯಾಪಾರಿಯ ನಡತೆಯಂತೆ ಅದು ಪ್ರಶಂಸನೀಯವಾದುದು.

ಮರುದಿನ ಅವರು ಆರೆಗಾನ್ ರಾಜ್ಯದ ಪೆಂಡಲ್ಟನ್ ಪಟ್ಟಣದ ಪತ್ರಿಕೆಯವರಿಗೆ ಈ ಸಂಗತಿಯನ್ನು ತಿಳಿಸಿದರು. ನೀರಿನ ಮೇಲೆ ಎಸೆದ ತಟ್ಟೆಯು ಪುಟಿಯುತ್ತ ಸಾಗುವಂತೆ ಆ ವಸ್ತುಗಳು ಚಲಿಸಿದುವೆಂದು ತಾವು ಹೇಳಿದುದಾಗಿ 1950ರಲ್ಲಿ ಪತ್ರಕರ್ತ ಎಡ್ವರ್ಡ್ ಮರ್ರೋ ಅವರಿಗೆ ಅವರು ವಿವರಿಸಿದರು. ಆ ಉಪಮಾನವು ಚಲನೆಗೆ ಸಂಬಂಧಿಸಿದುದಾಗಿತ್ತು. ಸೇನೆಗೆ ಅವರು ಬರೆದುಕೊಟ್ಟ ಚಿತ್ರದಲ್ಲಿ ವಸ್ತುವಿನ ಮುಂಭಾಗವು ದುಂಡಗೂ ಹಿಂಭಾಗವು ಚೂಪಾಗಿಯೂ ಇದ್ದಿತು. ಅದು ಪೂರ್ಣ ವೃತ್ತವಾಗಿರಲಿಲ್ಲ. ಆದರೆ ಪತ್ರಿಕೆಗಳಲ್ಲಿ ಚಲನೆಯ ಉಪಮಾನವು ಆಕಾರದ ಹೆಸರಾಗಿ ಮಾರ್ಪಟ್ಟು ‘ಹಾರುವ ತಟ್ಟೆ’ ಎಂಬ ಮಾತು ದೇಶವನ್ನೆಲ್ಲ ವ್ಯಾಪಿಸಿತು.

ಅನಂತರ ನಡೆದುದು ಹೆಚ್ಚು ವಿಚಾರಾರ್ಹವಾಗಿದೆ. ಕೆಲವೇ ವಾರಗಳಲ್ಲಿ ನೂರಾರು ಜನರು ತಾವೂ ಅಂಥದನ್ನು ಕಂಡೆವೆಂದು ಹೇಳತೊಡಗಿದರು. ಅವರಲ್ಲಿ ಬಹುಮಂದಿ ಕಂಡುದು ದುಂಡನೆಯ ತಟ್ಟೆಗಳನ್ನೇ. ಆರ್ನಾಲ್ಡರು ಬರೆದ ಆಕಾರಕ್ಕಿಂತ ಪತ್ರಿಕೆಯ ಶಬ್ದವು ಕೊಟ್ಟ ಆಕಾರವೇ ಆಕಾಶದಲ್ಲಿ ಹೆಚ್ಚಾಗಿ ತೋರಿತು. ಶ್ರುತಜ್ಞಾನವು ಮತಿಜ್ಞಾನದ ಬೆನ್ನಲ್ಲಿ ಬರುತ್ತದೆಂಬುದು ಶಾಸ್ತ್ರೋಕ್ತ ಕ್ರಮ. ಇಲ್ಲಿ ಮೊದಲೇ ಕೇಳಿದ ಮಾತು ಮುಂದಿನ ನೋಟದೊಳಕ್ಕೆ ಹೊಕ್ಕು, ಈಹೆಗೆ ಎಡೆಗೊಡದೆ ಅವಾಯವನ್ನು ತಾನೇ ನಿಶ್ಚಯಿಸಿಬಿಟ್ಟಿತು. ಹೀಗೆ ನುಡಿದವರಲ್ಲಿ ವಂಚಕರು ವಿರಳವಾಗಿದ್ದಿರಬಹುದು. ಆದರೂ ಅವಗ್ರಹದಿಂದ ಅವಾಯಕ್ಕೆ ಒಂದೇ ನೆಗೆತಕ್ಕೆ ಹಾರುವುದು ಪ್ರಮಾದವೇ ಸರಿ.

1968ರ ಮಾರ್ಚ್ 3ರ ರಾತ್ರಿ ನಡೆದ ಘಟನೆಯು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಸೋವಿಯತ್ ದೇಶದ ಜೋಂಡ್-4 ನೌಕೆಯ ಉಡಾವಣೆಯಲ್ಲಿ ಉಳಿದ ಅವಶೇಷಗಳು ವಾಯುಮಂಡಲವನ್ನು ಹೊಕ್ಕು ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿಯುತ್ತ ಸಾಗಿದವು. ಅನೇಕರು ಉರಿಯುವ ತುಣುಕುಗಳ ಸಾಲನ್ನು ಕಂಡಂತೆಯೇ ವರ್ಣಿಸಿದರು. ಕೆಲವರು ಮಾತ್ರ ಸಾಲುಸಾಲಾಗಿ ಬೆಳಗುವ ಕಿಟಕಿಗಳಿದ್ದ ಉದ್ದನೆಯ ಒಂದೇ ನೌಕೆಯನ್ನು ಕಂಡೆವೆಂದರು. ಬೆಳಕುಗಳು ನಿಜವಾಗಿದ್ದವು, ಅವುಗಳನ್ನು ಕೂಡಿಸುವ ನೌಕೆಯ ಒಡಲನ್ನು ಮನಸ್ಸು ಕಲ್ಪಿಸಿಕೊಂಡಿತ್ತು. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದನ್ನು ಶಾಸ್ತ್ರಕಾರರು ವಿಪರ್ಯಯವೆಂದು ಕರೆದಿದ್ದಾರೆ. ಚಿಪ್ಪನ್ನು ಬೆಳ್ಳಿಯೆಂದವನು ಹೊಳಪನ್ನು ಕಂಡುದೇನೂ ಸುಳ್ಳಲ್ಲ. ‘ಹೊಳಪನ್ನು ಕಂಡೆ’ ಎಂದಷ್ಟೇ ನುಡಿದಿದ್ದರೆ ಅವನ ವಚನವು ನಿರ್ದೋಷವಾಗಿರುತ್ತಿತ್ತು.

ಸಾಕ್ಷಿಗಳಂತೆಯೇ ಸಾಕ್ಷ್ಯಗಳನ್ನು ಸಂಗ್ರಹಿಸುವವರ ಹೊಣೆಯನ್ನೂ ಇಲ್ಲಿ ವಿಚಾರಿಸಬೇಕಾಗಿದೆ. ಅಮೆರಿಕದಲ್ಲಿ 1952ರಿಂದಲೇ ಆಸಕ್ತ ನಾಗರಿಕರು ಸಂಘಗಳನ್ನು ಕಟ್ಟಿಕೊಂಡು ಇಂಥ ವರದಿಗಳನ್ನು ಕೂಡಿಹಾಕತೊಡಗಿದರು. ಅಲ್ಲಿನ ವಾಯುಸೇನೆಯೂ ‘ಬ್ಲೂ ಬುಕ್’ ಎಂಬ ಯೋಜನೆಯಡಿಯಲ್ಲಿ ವಿಚಾರಣೆ ನಡೆಸಿ 1969ರಲ್ಲಿ ಅದನ್ನು ಮುಕ್ತಾಯಗೊಳಿಸಿತು. ಒಟ್ಟು 12,618 ವರದಿಗಳಲ್ಲಿ 701ಕ್ಕೆ ಕಾರಣವು ಗೊತ್ತಾಗಲಿಲ್ಲ. ಈ 701ನ್ನು ಏನೆಂದು ಬಗೆಯಬೇಕು? ಉತ್ಸಾಹಿಗಳಲ್ಲಿ ಅನೇಕರು ಅದು ಅನ್ಯಗ್ರಹವಾಸಿಗಳ ಆಗಮನಕ್ಕೆ ಪ್ರಮಾಣವೆಂದರು. ನಿರಾಕರಿಸುವವರು ಅದನ್ನು ಶೂನ್ಯವೆಂದೇ ಎಣಿಸಿದರು.

ಲೆಕ್ಕಪತ್ರಗಳನ್ನು ಬಲ್ಲವರಿಗೆ ಈ ಎರಡೂ ಸರಿಕಾಣಲಾರವು. ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದಾಗ ಪ್ರಾಮಾಣಿಕ ಗುಮಾಸ್ತನು ಆ ಮೊತ್ತವನ್ನು ಲಾಭಕ್ಕೆ ಜಮಾ ಮಾಡುವುದಿಲ್ಲ, ಅಳಿಸಿಯೂ ಹಾಕುವುದಿಲ್ಲ. ಅದನ್ನು ಸಸ್ಪೆನ್ಸ್ ಖಾತೆಯಲ್ಲಿ ಬರೆದಿಟ್ಟು, ಮೂಲವು ಸಿಕ್ಕಿದ ದಿನ ಅದರ ಸ್ಥಾನಕ್ಕೆ ಸೇರಿಸುತ್ತಾನೆ. ಆ ಖಾತೆಯು ಅವನ ಅಜ್ಞಾನದ ಲೆಕ್ಕವೇ ಹೊರತು ಅವನ ಸಂಪತ್ತಲ್ಲ. 2021ರಲ್ಲಿ ಅಮೆರಿಕದ ಗುಪ್ತಚರ ಇಲಾಖೆಯು 144 ವರದಿಗಳನ್ನು ಪರಿಶೀಲಿಸಿ, ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನೆಂದು ಒಂದನ್ನು ಮಾತ್ರ ಖಚಿತವಾಗಿ ಗುರುತಿಸಿತು. ಉಳಿದ 143 ವರದಿಗಳೂ ಇದೇ ಖಾತೆಯಲ್ಲಿ ಇರತಕ್ಕವು.

ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಅವರ ಜೀವನವು ಈ ದೃಷ್ಟಿಯಿಂದ ಬೋಧಪ್ರದವಾಗಿದೆ. ಅವರು 1948ರಿಂದ ವಾಯುಸೇನೆಯ ಸಲಹೆಗಾರರಾಗಿದ್ದರು. ವರದಿಗಳಿಗೆ ಗ್ರಹ, ನಕ್ಷತ್ರ, ಉಲ್ಕೆಗಳೇ ಕಾರಣವೆಂದು ತೋರಿಸುವುದು ಅವರ ಕೆಲಸವಾಗಿತ್ತು. 1966ರ ಮಾರ್ಚ್‌ನಲ್ಲಿ ಮಿಚಿಗನ್ ರಾಜ್ಯದ ಗ್ರಾಮಸ್ಥರೂ ಕಾಲೇಜಿನ ವಿದ್ಯಾರ್ಥಿನಿಯರೂ ವಿಚಿತ್ರ ಬೆಳಕುಗಳನ್ನು ಕಂಡೆವೆಂದಾಗ, ಅವುಗಳಲ್ಲಿ ಕೆಲವು ಜೌಗು ನೆಲದ ಅನಿಲದಿಂದ ಉಂಟಾಗಿರಬಹುದೆಂದು ಅವರು ನುಡಿದರು. ಎಲ್ಲ ಘಟನೆಗಳಿಗೂ ಇದೇ ಕಾರಣವೆಂದು ಅವರು ಹೇಳಿರಲಿಲ್ಲ. ಆದರೆ ‘ಕೆಲವು’ ಮತ್ತು ‘ಇರಬಹುದು’ ಎಂಬ ಮಾತುಗಳು ಪತ್ರಿಕೆಗಳಲ್ಲಿ ಕಳಚಿಬಿದ್ದು ಜೌಗಿನ ಅನಿಲವಷ್ಟೇ ಉಳಿಯಿತು. ಸಾಕ್ಷಿಗಳೂ ವಿಜ್ಞಾನಿಯೂ ಒಟ್ಟಿಗೆ ನಗೆಪಾಟಲಾದರು. ವಿವರಣೆ ಸಿಗದ ವರದಿಗಳು ತಾಳ್ಮೆಯ ಅಧ್ಯಯನಕ್ಕೆ ಅರ್ಹವೆಂದು ಹೈನೆಕ್ ಮುಂದೆ ವಾದಿಸಿದರು. 1973ರಲ್ಲಿ ಅದಕ್ಕಾಗಿ ಕೇಂದ್ರವೊಂದನ್ನೂ ಸ್ಥಾಪಿಸಿದರು.

ಆರ್ನಾಲ್ಡರ ‘ತಟ್ಟೆಯಂತೆ’ ಎಂಬುದರಲ್ಲಿ ‘ಅಂತೆ’ ಬಿಟ್ಟುಹೋಯಿತು. ಹೈನೆಕರ ‘ಇರಬಹುದು’ ಬಿಟ್ಟುಹೋಯಿತು. ನಂಬುವವರ ಪಕ್ಷದಲ್ಲಿಯೂ ನಿರಾಕರಿಸುವವರ ಪಕ್ಷದಲ್ಲಿಯೂ ಕಳೆದುಹೋದುದು ಒಂದೇ. ಅದನ್ನೇ ಜೈನಾಚಾರ್ಯರು ‘ಸ್ಯಾತ್’ ಎಂಬ ಪದದಿಂದ ಕಾಪಾಡಿಕೊಂಡು ಬಂದರು. ಸ್ಯಾದ್ವಾದವು ಸಂಶಯವಾದವಲ್ಲ, ಯಾರು ಏನು ಹೇಳಿದರೂ ಸರಿಯೆಂಬ ಔದಾರ್ಯವೂ ಅಲ್ಲ. ಯಾವ ಅಪೇಕ್ಷೆಯಿಂದ, ಯಾವ ಮಿತಿಯೊಳಗೆ ಈ ಮಾತು ಸತ್ಯವೆಂಬುದನ್ನು ಮಾತಿನೊಡನೆಯೇ ಹೇಳುವ ಶಿಸ್ತು ಅದು. ಮಿತಿಯನ್ನು ಅಳಿಸಿದವನು ಹೊಸ ಸುಳ್ಳನ್ನು ಸೇರಿಸದೆಯೇ ಸತ್ಯವನ್ನು ಕೆಡಿಸುತ್ತಾನೆ. ಅಲ್ಲದೆ, ಕಂಡುದನ್ನು ಹೇಳಿದವನನ್ನು ಅಪಹಾಸ್ಯಕ್ಕೆ ಗುರಿಮಾಡುವುದು ವಚನಹಿಂಸೆ. ಒಮ್ಮೆ ನಗೆಗೀಡಾದ ಸಾಕ್ಷಿಯು ಮುಂದೆ ಬಾಯಿ ತೆರೆಯಲಾರನು. ಆಗ ಸತ್ಯಕ್ಕೂ ಹಾನಿಯುಂಟು.

ಜೈನ ಶಾಸ್ತ್ರಗಳಲ್ಲಿ ವೈಮಾನಿಕ ದೇವರ ವಿಮಾನಗಳ ವರ್ಣನೆಯಿರುವುದರಿಂದ, ಹಾರುವ ತಟ್ಟೆಗಳು ಅದಕ್ಕೆ ಪ್ರಮಾಣವೆಂದು ವಾದಿಸುವ ಮೋಹವು ಶ್ರದ್ಧಾವಂತರಿಗೆ ಉಂಟಾಗಬಹುದು. ಹಾಗೆ ಮಾಡಿದರೆ ಸಸ್ಪೆನ್ಸ್ ಖಾತೆಯ ಮೊತ್ತವನ್ನು ಮೂಲ ಬಂಡವಾಳಕ್ಕೆ ಸೇರಿಸಿದಂತಾಗುತ್ತದೆ. ನಾಳೆ ಆ ಬೆಳಕು ಬಲೂನೆಂದು ತಿಳಿದುಬಂದರೆ, ಅದನ್ನು ಆಧರಿಸಿ ನಿಲ್ಲಿಸಿದ ಶ್ರದ್ಧೆಯ ಗತಿಯೇನು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಯೂ ಒಂದೆಂಬುದನ್ನು ಮರೆಯಲಾಗದು.

ಈ ವಿಚಾರವು ದೂರದೇಶದ್ದೆಂದು ಶ್ರಾವಕರು ಸುಮ್ಮನಿರುವಂತಿಲ್ಲ. ಬಸದಿಯ ಶಿಖರದ ಮೇಲೆ ರಾತ್ರಿ ಬೆಳಕು ಕಂಡಿತೆಂದು ಭಕ್ತನೊಬ್ಬನು ಬಂದು ಹೇಳಿದನೆಂದು ಭಾವಿಸೋಣ. ಅತಿಶಯವೆಂದು ಕರಪತ್ರ ಅಚ್ಚುಹಾಕಿಸಿ ಕಾಣಿಕೆ ಕೂಡಿಸಬೇಕೆಂದು ಕೆಲವರು ಆತುರಪಡುವರು. ಭ್ರಮೆಯೆಂದು ನಕ್ಕು ಅವನನ್ನು ಕಳುಹಿಸಬೇಕೆಂದು ಇನ್ನು ಕೆಲವರು ಹೇಳುವರು. ಧರ್ಮವನ್ನು ಬಲ್ಲ ಆಡಳಿತ ಮಂಡಳಿಯು ಅವನನ್ನು ಆದರದಿಂದ ಕುಳ್ಳಿರಿಸಿ, ದಿನ, ವೇಳೆ, ದಿಕ್ಕುಗಳನ್ನು ಅವನ ಮಾತಿನಲ್ಲಿಯೇ ಅಂದೇ ಬರೆದುಕೊಳ್ಳಬೇಕು. ಬೇರೆಯವರು ಕಂಡಿದ್ದರೆ ಪರಸ್ಪರ ಮಾತನಾಡುವ ಮೊದಲೇ ಅವರನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ‘ಬೆಳಕು ಕಂಡಿತು’ ಎಂಬುದನ್ನು ‘ದೇವರು ಇಳಿದರು’ ಎಂದು ತಿದ್ದಬಾರದು. ನಿರ್ಣಯವಾಗದುದನ್ನು ತೋರಿಸಿ ಒಂದು ರೂಪಾಯಿಯನ್ನೂ ಸ್ವೀಕರಿಸಬಾರದು. ಅರಿತೂ ಹಾಗೆ ಬರೆದರೆ ಅದು ಕೂಟಲೇಖಕ್ರಿಯೆಯೆಂಬ ಅತಿಚಾರಕ್ಕೆ ದಾರಿ. ಬರೆದಿಟ್ಟ ಆ ಪುಟವು ಎಷ್ಟು ವರ್ಷ ನಿರ್ಣಯವಿಲ್ಲದೆ ಉಳಿದರೂ ಬಸದಿಗೆ ಕುಂದಿಲ್ಲ. ‘ಇನ್ನೂ ತಿಳಿದಿಲ್ಲ’ ಎಂದು ನುಡಿಯುವುದೂ ಸತ್ಯಾಣುವ್ರತದ ಪಾಲನೆಯೇ ಆಗಿದೆ.